ತೂಗಿದ ರೊಟ್ಟಿ

ಸೊಸೆ ರೊಟ್ಟಿ ಬಿಟ್ಟಳು ಎಂಬ ಸುದ್ದಿ ಶಹಾಪುರದ ಆ ಓಣಿಯಲ್ಲಿ, ಸೊಸೆ ಗಂಡನನ್ನು ಬಿಟ್ಟಳು ಎಂದಿದ್ದರೂ ಅಷ್ಟು ಬೇಗ ಹಬ್ಬುತ್ತಿರಲಿಲ್ಲ. ಭೀಮಾಬಾಯಿಯ ರೊಟ್ಟಿಗೆ ಓಣಿಯಲ್ಲಿ ಹೆಸರಿತ್ತು. ಅವಳು ಬಡಿಯಲು ಕೂತರೆ ಮೂರನೆಯ ಮನೆಗೆ ಸದ್ದು ಕೇಳುತ್ತಿತ್ತು. ಹಂಚಿನ ತುಂಬ ಬರುವ ಜೋಳದ ರೊಟ್ಟಿ, ಅಂಚಿನಲ್ಲಿ ಒಂದು ಬಿರುಕು ಇರುತ್ತಿರಲಿಲ್ಲ. ಹನ್ನೊಂದು ವರ್ಷ ಅದೇ ರೊಟ್ಟಿ ಉಂಡ ಗುರುದೇವಿ ದೀಪಾವಳಿ ಮುಗಿದ ಮರುದಿನ ತಾಟಿನಲ್ಲಿದ್ದುದನ್ನು ಎತ್ತಿ ಮತ್ತೆ ಬುಟ್ಟಿಗೆ ಹಾಕಿದಳು.

"ನನಗ ಇನ್ನ ರೊಟ್ಟಿ ಬ್ಯಾಡ್ರಿ ಅತ್ತಿ. ಅನ್ನಾನೂ ಬ್ಯಾಡ."

"ಮತ್ತೇನ್ ಗಾಳಿ ತಿಂತೀಯೇನು?"

"ಪನೀರ್, ಶೇಂಗಾ, ತುಪ್ಪ, ಕಾಯಿಪಲ್ಯ. ಫೋನಿನ್ಯಾಗ ಒಬ್ಬಾಕಿ ತೋರಿಸ್ಯಾಳ್ರಿ. ಹಿಂಗ ತಿಂದ್ರ ಜಲ್ದಿ ತೂಕ ಇಳೀತದಂತ."

ಜಲ್ದಿ ಇಳಿಯಬೇಕಾದ ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗುರುದೇವಿಯ ತಮ್ಮ ಸಂಗಮನಾಥ ದೋರನಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಮೂವತ್ತೊಂದು ವಯಸ್ಸು, ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ಶಹಾಪುರಕ್ಕೆ ಬಂದು ನಾಲ್ಕು ತಾಸು ಡಯಾಲಿಸಿಸ್ ಮಷೀನಿಗೆ ಕೈಕೊಟ್ಟು ಮಲಗಿ, ಅಕ್ಕನ ಮನೆಯಲ್ಲಿ ಒಂದಿಷ್ಟು ಒರಗಿ ಊರಿಗೆ ಹೋಗುತ್ತಿದ್ದ. ತಾಯಿಗೆ ಸಕ್ಕರೆ ಕಾಯಿಲೆ, ಹೆಂಡತಿಯ ರಕ್ತ ಹೊಂದಲಿಲ್ಲ. ಹೊಂದಿದ್ದು ಅಕ್ಕನದು. ಆದರೆ ಅಕ್ಕನ ತೂಕ ಎಪ್ಪತ್ತೆಂಟು ಕಿಲೋ. ಇಷ್ಟು ತೂಕದಲ್ಲಿ ಕಿಡ್ನಿ ತೆಗೆಯುವುದಿಲ್ಲ, ಶಿವರಾತ್ರಿಯೊಳಗೆ ಎಪ್ಪತ್ತೆರಡಕ್ಕೆ ಇಳಿದು ಬನ್ನಿ ಎಂದು ಹೈದರಾಬಾದಿನ ಆಸ್ಪತ್ರೆಯವರು ಹೇಳಿ ಕಳಿಸಿದ್ದರು.

ಭೀಮಾಬಾಯಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಸುರಪುರದ ಅವಳ ತಂಗಿ ಗರ್ಭಕೋಶದ ಆಪರೇಷನ್ನಿಗೆಂದು ಹಣೆಗೆ ವಿಭೂತಿ ಹಚ್ಚಿಕೊಂಡು ನಡೆದುಹೋದವಳು, ಮರಳಿ ನಡೆದು ಬರಲಿಲ್ಲ. ಆದರೆ ಸಾಯುವ ಹುಡುಗನಿಗೆ ಜೀವ ಕೊಡಬೇಡ ಎಂದು ಯಾವ ಬಾಯಿಯಿಂದ ಹೇಳುವುದು? ಮಗ ಮಲ್ಲುವೂ ಹೇಳಲಿಲ್ಲ. ಅವನು ಬಸ್ ನಿಲ್ದಾಣದ ಹತ್ತಿರ ಪಂಪ್‌ಸೆಟ್ ಮೋಟರು ರಿಪೇರಿ ಮಾಡುವವನು, ಸುಟ್ಟ ತಂತಿ ಬಿಚ್ಚುವುದರಲ್ಲಿ ಇರುವ ತಾಳ್ಮೆ ಮಾತಿನಲ್ಲಿ ಇರಲಿಲ್ಲ. "ನೋಡಮು, ತೂಕ ಇಳದ್ರ ನೋಡಮು," ಎನ್ನುತ್ತಿದ್ದ. ಬೇಡ ಎನ್ನುವ ಕೆಲಸವನ್ನು ತಾಯಿ ಮಗ ಇಬ್ಬರೂ ತಕ್ಕಡಿಗೆ ಬಿಟ್ಟಿದ್ದರು.

ತಕ್ಕಡಿ ಮಾತ್ರ ಅವರ ಮಾತು ಕೇಳಲಿಲ್ಲ. ಗುರುದೇವಿ ಅಂಗನವಾಡಿ ಟೀಚರು. ಮಕ್ಕಳನ್ನು, ಬಸುರಿಯರನ್ನು ತೂಗುವ ಮಷೀನು ಅವಳ ಕೈಯಲ್ಲೇ ಇತ್ತು. ಪ್ರತಿ ಶನಿವಾರ ಅದರ ಮೇಲೆ ನಿಂತು, ಬಂದ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಎಪ್ಪತ್ತೇಳು. ಎಪ್ಪತ್ತೈದೂವರೆ. ಎಪ್ಪತ್ನಾಲ್ಕೂವರೆ.

ಅಂಕಿ ಇಳಿದ ಹಾಗೆ ಮನೆಯ ನೆಮ್ಮದಿಯೂ ಇಳಿಯಿತು. ಅವಳಿಗೆ ತಲೆಶೂಲೆ, ಬಾಯಿ ಒಣಗುವುದು, ಮೂರು ದಿನಕ್ಕೊಮ್ಮೆ ಹೊಟ್ಟೆ ಸಾಫ್ ಆದರೆ ಪುಣ್ಯ. ಒಂಬತ್ತು ವರ್ಷದ ಮಗಳು ರೇವತಿ ಮಗ್ಗಿ ತಪ್ಪಿದರೆ ಅವಳ ಮೇಲೆ ಸಿಡಿಯುತ್ತಿದ್ದಳು. ಪನೀರು ಮುಗಿದರೆ ಗಂಡನನ್ನು ಯಾದಗಿರಿಗೆ ಓಡಿಸುತ್ತಿದ್ದಳು.

"ಒಂದs ಮನ್ಯಾಗ ಎರಡು ಒಲಿ ಆಗ್ಯಾವ," ಎಂದ ಮಲ್ಲು ಒಂದು ದಿನ ಊಟಕ್ಕೆ ಕೂತಾಗ. "ತುಪ್ಪದ ಡಬ್ಬಿ ಹದಿನೈದು ದಿನ ಬರವಲ್ದು."

"ನಿಮ್ಮ ತುಪ್ಪ ನನಗ ಬ್ಯಾಡ್ರಿ. ಬರೇ ಶೇಂಗಾ ತಿಂತೀನಿ."

"ನಾ ಹಂಗಂದೆನೇನು?"

"ಮತ್ತ ಹ್ಯಾಂಗಂದ್ರಿ?"

ಭೀಮಾಬಾಯಿ ನಡುವೆ ಬಾಯಿ ಹಾಕಿದಳು: "ಉಣ್ಣುವಾಗ ಜಗಳ್ಯಾಡಬ್ಯಾಡ್ರಿ. ರೊಟ್ಟಿ ಬಿಟ್ಟ ಮನ್ಯಾಗ ಇನ್ನೇನ್ ಇರತದ, ಜಗಳs ಇರತದ."

ನವೆಂಬರ್ ಕೊನೆಗೆ ತಪಾಸಣೆಗೆಂದು ಹೈದರಾಬಾದಿಗೆ ಹೋದಾಗ ಅತ್ತೆಯೂ ಜೊತೆಗೆ ಹೋದಳು. ಸಹಾಯಕ್ಕೆ ಅಂದಳು, ನಿಜವಾಗಿ ಕಾವಲಿಗೆ. ರಕ್ತ, ಮೂತ್ರದ ರಿಪೋರ್ಟು ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿ, ಆಹಾರ ಬರೆದುಕೊಡುವ ಫರ್ಹೀನ್ ಎಂಬ ಹುಡುಗಿಯ ಹತ್ತಿರ ಕಳಿಸಿದರು. ಅವಳು ಗುರುಮಠಕಲ್ ಕಡೆಯವಳು, ಕನ್ನಡದಲ್ಲೇ ಬೈದಳು.

"ಯಾರ್ ಹೇಳ್ಯಾರ್ರಿ ನಿಮಗ ರೊಟ್ಟಿ ಅನ್ನ ಬಿಡ್ರಿ ಅಂತ? ತೂಕ ಇಳದದ, ಖರೆ. ಆದ್ರ ಯಾವ ಕಿಡ್ನಿ ಕೊಡಬೇಕಂತ ಮಾಡೀರಿ, ಅದರ ಮ್ಯಾಲೇ ಭಾರ ಹಾಕಾಕತ್ತೀರಿ. ಹಿಂಗs ನಡೆಸಿದ್ರ ನಿಮ್ಮದು ತಗೊಳ್ಳಾಕ ಬರಂಗಿಲ್ಲ ಅಂತ ಬರೀತಾರ, ನೋಡ್ರಿ. ಅದು ಇವತ್ತಿಗೇ ಬಂದ್."

"ಮತ್ತ ಹ್ಯಾಂಗ್ರಿ ಮೇಡಂ?" ಎಂದಳು ಗುರುದೇವಿ.

"ಎಲ್ಲಾ ಉಣ್ರಿ, ಅಳತಿ ಮ್ಯಾಲ ಉಣ್ರಿ. ಹೊತ್ತಿಗಿ ಎರಡು ಸಣ್ಣ ರೊಟ್ಟಿ, ಒಂದೊಂದು ಐವತ್ತು ಗ್ರಾಂ. ಒಂದು ವಾಟಿ ಬ್ಯಾಳಿ, ತಾಟಿನ ಅರ್ಧ ಪಲ್ಯ, ಎಣ್ಣಿ ಕಮ್ಮಿ. ದಿನಾ ಒಂದು ತಾಸು ನಡೀರಿ. ಸಾವಕಾಶ ಇಳೀತದ, ಆದ್ರ ನಿಲ್ಲತದ."

ರೊಟ್ಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ಭೀಮಾಬಾಯಿಗೆ ಆನೆಯ ಬಲ ಬಂತು. ರೈಲಿನಲ್ಲಿ ಯಾದಗಿರಿ ಬರುವವರೆಗೆ, "ಕೇಳಿದೇನು? ದವಾಖಾನಿಯವರೇ ಹೇಳ್ಯಾರ," ಎಂದು ಹತ್ತು ಸಲ ಹೇಳಿದಳು.

ಹೊಸ ಪದ್ಧತಿ ಶುರುವಾಯಿತು. ಸಂಗಮನಾಥ ಗಿರಣಿಯಲ್ಲಿದ್ದ ಚಿಕ್ಕ ಕರೆಂಟಿನ ತಕ್ಕಡಿಯನ್ನು ತಂದುಕೊಟ್ಟ. ಭೀಮಾಬಾಯಿ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ.

"ಉಣ್ಣೋ ರೊಟ್ಟಿ ತೂಗತಾರೇನು? ತೂಗಿ ಉಂಡ ಮನಿಗಿ ದರಿದ್ರ ಬರತದ. ನನ್ನ ಕೈಯೇ ತಕ್ಕಡಿ. ಸಣ್ಣ ರೊಟ್ಟಿ ಅಂದ್ರಲ್ಲ, ಸಣ್ಣದೇ ಬಡೀತೀನಿ."

ಹೇಳಿದಂತೆ ಸಣ್ಣದೇ ಬಡಿದಳು, ಅಂಗೈ ಅಗಲದ್ದು. ಮಧ್ಯಾಹ್ನಕ್ಕೆ ಗುರುದೇವಿ ಅಂಗನವಾಡಿಗೆ ಡಬ್ಬಿ ಒಯ್ಯುತ್ತಿದ್ದಳು. ತಣ್ಣಗಾದ ರೊಟ್ಟಿ ಬಿರುಸಾಗುತ್ತದೆಂದು ಭೀಮಾಬಾಯಿ ಎರಡು ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರ, ಉಪ್ಪು, ಒಂದು ಹನಿ ಎಣ್ಣೆ ಹಾಕಿ ಕುಟ್ಟಿ, ಮುಷ್ಟಿಯಲ್ಲಿ ಹಿಡಿದು ಮುಟಗಿ ಮಾಡಿ ಕೊಡುತ್ತಿದ್ದಳು. ಸಂಜೆ ಸೊಸೆ, ಮೊಮ್ಮಗಳು ಕೆರೆಯ ದಾರಿಯಲ್ಲಿ ನಡೆದು ಬರುತ್ತಿದ್ದರು. ತಲೆಶೂಲೆ ಹೋಯಿತು, ಸಿಡುಕು ಹೋಯಿತು. ನಾಲ್ವರೂ ಒಂದೇ ಬುಟ್ಟಿಯ ರೊಟ್ಟಿ ಉಂಡರು. ಮೊದಲ ಶನಿವಾರ ಎಪ್ಪತ್ಮೂರೂ ಮುಕ್ಕಾಲು.

ಆ ಶನಿವಾರವೇ ಆಸ್ಪತ್ರೆಯ ಒಪ್ಪಿಗೆ ಕಾಗದ ಬಂದಿತ್ತು. ಕೊಡುವವಳು ಮದುವೆಯಾದವಳಾದರೆ ಗಂಡನ ಸಹಿಯೂ ಬೇಕು. ಮಲ್ಲು ಊಟ ಮುಗಿಸಿ, ಕೈ ಒರೆಸಿಕೊಂಡು, ಕಾಗದವನ್ನು ಒಮ್ಮೆ ತಿರುವಿ ನೋಡಿ ಸಹಿ ಹಾಕಿಬಿಟ್ಟ. ಭೀಮಾಬಾಯಿ ನೋಡುತ್ತ ನಿಂತಿದ್ದಳು. ಮಗನೂ ಬೇಡ ಅನ್ನಲಿಲ್ಲ, ತಕ್ಕಡಿಯೂ ಬೇಡ ಅನ್ನಲಿಲ್ಲ. ತಂಗಿಯ ಹಣೆಯ ವಿಭೂತಿ ಅವಳ ಕಣ್ಣೆದುರು ಬಂತು.

ಸೋಮವಾರ ಬೆಳಿಗ್ಗೆ ಮುಟಗಿ ಕುಟ್ಟುವಾಗ ಅವಳು ಮೂರನೆಯ ರೊಟ್ಟಿಯನ್ನೂ ಮುರಿದು ಹಾಕಿದಳು. ಎಣ್ಣೆಯ ಬಟ್ಟಲು ಬಗ್ಗಿಸಿದಳು. ಹುರಿದ ಶೇಂಗಾದ ಪುಡಿ ಎರಡು ಮುಷ್ಟಿ ಬೆರೆಸಿದಳು. ಕುಟ್ಟಿ ಮುಷ್ಟಿ ಕಟ್ಟಿದ ಮೇಲೆ ಎರಡೋ ಮೂರೋ ಯಾರಿಗೆ ತಿಳಿಯುತ್ತದೆ?

"ಇವತ್ತು ಮುಟಗಿ ಭಾಳ ರುಚಿ ಆಗಿತ್ತರಿ ಅತ್ತಿ," ಎಂದಳು ಗುರುದೇವಿ ಸಂಜೆ ಡಬ್ಬಿ ತೊಳೆಯುತ್ತ.

"ಹಸದಾಕಿಗಿ ಎಲ್ಲಾ ರುಚಿ," ಅಂದಳು ಭೀಮಾಬಾಯಿ, ಮುಖ ತಿರುಗಿಸಿ.

ಮುಂದಿನ ಶನಿವಾರ ಎಪ್ಪತ್ನಾಲ್ಕು. ಅದರ ಮುಂದಿನದು ಎಪ್ಪತ್ನಾಲ್ಕೂವರೆ. ಗುರುದೇವಿ ಮೂರು ಸಲ ಇಳಿದು ಮೂರು ಸಲ ಹತ್ತಿದಳಂತೆ, ಮಷೀನೇ ಕೆಟ್ಟಿದೆಯೆಂದು ಸಹಾಯಕಿಯನ್ನೂ ಹತ್ತಿಸಿ ನೋಡಿದಳಂತೆ. ಮಷೀನು ಸರಿಯಾಗಿಯೇ ಇತ್ತು. ಮನೆಗೆ ಬಂದು ಅದೇ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದಳು.

ಮಲ್ಲು ಅಂಕಿ ನೋಡಿದ. "ಇಷ್ಟ್ ನಡದು, ಇಷ್ಟ್ ಅಳದು ಉಂಡು ಏರತದಂದ್ರ ಏನರ್ಥ? ಎಲ್ಲೋ ಬಾಯಿ ಆಡಾಕತ್ತದ."

"ಎಲ್ಲಿ ಆಡಸಲ್ರಿ? ನಿಮ್ಮ ಮುಂದೇ ಉಣ್ತೀನಿ."

"ಮಧ್ಯಾಹ್ನ ನನ್ನ ಮುಂದ ಉಣ್ತೀಯೇನು? ಅಂಗನವಾಡ್ಯಾಗ ಶೇಂಗಾ ಚಿಕ್ಕಿ ಡಬ್ಬಿ ತುಂಬ ಇರತಾವ."

ಗುರುದೇವಿ ಪೆನ್ನು ಕೆಳಗಿಟ್ಟಳು. "ಏನಂದ್ರಿ?"

"ಇದ್ದದ್ದು ಅಂದೆ."

"ಮಕ್ಕಳ ಪಾಲಿನ ಚಿಕ್ಕಿ ನಾ ಕದ್ದು ತಿಂತೀನಂತ ಅಂದ್ರಿ? ಎಂಟು ವರ್ಷ ನೌಕರಿ ಮಾಡೀನಿ, ಒಂದು ಚಿಕ್ಕಿ ಮಗಳ ಕೈಯಾಗ ಇಟ್ಟಿಲ್ಲ ನಾ! ಅತ್ತಿ, ನೀವರೆ ಹೇಳ್ರಿ. ನಾ ಹಂಥಾಕಿ ಏನ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಭೀಮಾಬಾಯಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಬಿಡ್ರಿ ಅತ್ಲಾಗ. ಆಗದಿದ್ದದ್ದು ಆಗಂಗಿಲ್ಲ," ಎಂದಷ್ಟೇ ಅಂದಳು. ಆ ಮಾತು ಸೊಸೆಯ ಕಡೆಗೂ ಇರಲಿಲ್ಲ, ಮಗನ ಕಡೆಗೂ ಇರಲಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುವ ಮಾತಾಗಿತ್ತು.

ಗುರುದೇವಿ ಅಂದಿನಿಂದ ರಾತ್ರಿಯೂಟ ಬಿಟ್ಟಳು. ಮತ್ತೆ ಸಿಡುಕು, ಮತ್ತೆ ತಲೆಶೂಲೆ. ಗುರುವಾರ ಸಂಜೆ ಫೋನು ಹಿಡಿದು ಕೂತು, "ನಾಳಿಂದ ಮೊದಲಿನ ಪಥ್ಯನೇ ಹಿಡೀತೀನಿ. ರೊಟ್ಟಿ ಬಂದ್. ಅದರಾಗ ಇಳದಿತ್ತು," ಎಂದಳು.

ಭೀಮಾಬಾಯಿ ಒಲೆ ಬಿಟ್ಟು ಎದ್ದು ಬಂದಳು. "ಆ ಹುಡುಗಿ ಏನ್ ಹೇಳ್ಯಾಳ? ನಿನ್ನ ಕಿಡ್ನಿಗೇ ಕೆಟ್ಟ ಅಂದಿಲ್ಲೇನು?"

"ಮತ್ತೇನ್ ಮಾಡ್ಲ್ರಿ? ಶಿವರಾತ್ರಿ ಹತ್ತರ ಬರಾಕತ್ತದ. ಅವನ ಕೈ ನೋಡೀರೇನು? ಸೂಜಿ ಚುಚ್ಚಾಕ ಜಾಗ ಉಳದಿಲ್ಲ."

ಸೊಸೆಯನ್ನು ಉಳಿಸಲು ಹೋದವಳು ಸೊಸೆಯನ್ನೇ ಹಳ್ಳಕ್ಕೆ ನೂಕುತ್ತಿದ್ದೇನೆ ಎಂದು ಭೀಮಾಬಾಯಿಗೆ ಆಗ ಹೊಳೆಯಿತು. ಆದರೂ ಬಾಯಿ ಬಿಡಲಿಲ್ಲ. ಶುಕ್ರವಾರ ಬೆಳಿಗ್ಗೆ ಕೈ ಎಂದಿನಂತೆ ಮೂರು ರೊಟ್ಟಿ ಮುರಿದು ಹಾಕಿ ಡಬ್ಬಿ ಕಟ್ಟಿತು. ಗುರುದೇವಿ ಡಬ್ಬಿಯನ್ನು ಕಟ್ಟೆಯ ಮೇಲೇ ಬಿಟ್ಟು, ಒಂದು ಹಿಡಿ ಶೇಂಗಾ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಮಧ್ಯಾಹ್ನ ಸಂಗಮನಾಥ ಆಸ್ಪತ್ರೆಯಿಂದ ಬಂದ. ಮುಖ ಬೂದಿಬೂದಿ, ಎಡಗೈಗೆ ಪಟ್ಟಿ. ಜಗುಲಿಯ ಮೇಲೆ ಕೂತು, ಅಳೆದು ತಂದ ಬಾಟಲಿಯಿಂದ ಎರಡು ಗುಟುಕು ನೀರು ಕುಡಿದ. ದಿನಕ್ಕೆ ಅವನಿಗೆ ಆ ಒಂದು ಬಾಟಲಿಯಷ್ಟೇ ನೀರು.

"ಅಕ್ಕ ಡಬ್ಬಿ ಬಿಟ್ಟು ಹೋಗ್ಯಾಳೇನ್ರಿ ಅತ್ತಿ? ತರ್ರಿ, ಹೋಗೋ ದಾರ್ಯಾಗ ಕೊಟ್ಟು ಹೋಗ್ತೀನಿ."

"ನೀ ಯಾಕ ಹೈರಾಣಾಗ್ತೀಯೋ? ಇರಲಿ ಬಿಡು."

ಅವನು ಆಗಲೇ ಡಬ್ಬಿ ಎತ್ತಿದ್ದ. ಎತ್ತಿದವನು ಹಾಗೇ ನಿಂತ. ಕೆಳಗಿಟ್ಟು ಮುಚ್ಚಳ ತೆಗೆದ, ಮುಟಗಿಯನ್ನು ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿದ. ಇಪ್ಪತ್ತನೆಯ ವಯಸ್ಸಿನಿಂದ ಗಿರಣಿಯಲ್ಲಿ ಹಿಟ್ಟು ಎತ್ತಿ ಇಳಿಸಿದ ಕೈ ಅದು. ಬೆರಳಿಗೆ ಹತ್ತಿದ ಎಣ್ಣೆಯನ್ನು ನೋಡಿಕೊಂಡ.

"ಇದು ಎರಡು ರೊಟ್ಟೀದಲ್ಲರಿ," ಎಂದ ಮೆಲ್ಲಗೆ.

ಭೀಮಾಬಾಯಿ ಡಬ್ಬಿಯ ಮುಚ್ಚಳಕ್ಕೆ ಕೈ ಚಾಚಿದಳು.

"ನನ್ನ ಗಿರಣಿಯಿಂದ ತಂದ ಹಿಟ್ಟು ಈ ಸಲ ಎರಡು ದಿನ ಮೊದಲೇ ಮುಗದಾಗೇ ನನಗ ಸಂಶೆ ಬಂದಿತ್ತರಿ. ಉಣ್ಣೋರು ಕಮ್ಮಿ ಉಣ್ಣೋ ಮನ್ಯಾಗ ಹಿಟ್ಟು ಹ್ಯಾಂಗ ಹೆಚ್ಚು ಮುಗೀತದ ಅಂತ."

"ಸಂಗಮ..."

"ಇಲ್ಲರಿ, ನಾ ಯಾರಿಗೂ ಹೇಳಂಗಿಲ್ಲ. ನಿಮಗ ಬ್ಯಾಡಂದ್ರ ಬ್ಯಾಡ ಅನ್ರಿ. ನಾನೇ ಅಕ್ಕಗ ಹೇಳ್ತೀನಿ, ಬಿಟ್ಟಬಿಡು, ನನ್ನ ಹಣೆಬಾರ ಇದ್ದಂಗ ಆಗತದ ಅಂತ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ, ನಿಮ್ಮ ಜಾಗಾದಾಗ ನಮ್ಮವ್ವ ಇದ್ರೂ ಹಿಂಗೇ ಮಾಡತಿದ್ಲೇನೋ." ಅವನು ಮುಟಗಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದ. "ಆದ್ರ ಆಕಿಗಿ ಕಳ್ಳಿ ಅನಸಬ್ಯಾಡ್ರಿ ಅತ್ತಿ. ಮೊನ್ನಿ ಫೋನ್ ಮಾಡಿ ಅತ್ತಾಳ್ರಿ. ನನ್ನ ಸಲುವಾಗಿ ಆಕಿ ಏನಾದ್ರೂ ಆಗಲಿ, ಕಳ್ಳಿ ಆಗೋದು ಬ್ಯಾಡ."

ಅವನು ಚಪ್ಪಲಿ ಮೆಟ್ಟಿ ಹೋದ. ಡಬ್ಬಿ ಒಯ್ಯಲಿಲ್ಲ. ಭೀಮಾಬಾಯಿ ಅದರ ಮುಂದೆ ಕೂತಳು. ಬೈದಿದ್ದರೆ ಎದುರು ಬೈಯಬಹುದಿತ್ತು, ಅವಳ ಬಾಯಿಗೆ ಯಾರೂ ಸಮನಿರಲಿಲ್ಲ. ನಾಚಿಕೆಯಿಂದ ಅವಳ ಕಣ್ಣು ತುಂಬಿತು.

ಅಂದು ಸಂಜೆ ತಾಟು ಹಾಕಿದಾಗ ಅವಳು ಗುರುದೇವಿಯನ್ನೂ ಕರೆದಳು.

"ನಾ ಉಣ್ಣಂಗಿಲ್ರಿ."

"ಉಣ್ಣಬ್ಯಾಡ. ಬಂದು ಕೂಡು." ಭೀಮಾಬಾಯಿ ಬೆಳಗಿನ ಡಬ್ಬಿಯನ್ನು ಎಲ್ಲರ ನಡುವೆ ತಂದಿಟ್ಟಳು. "ಮಲ್ಲು, ನಿನ್ನ ಹೇಣ್ತಿ ಚಿಕ್ಕಿ ತಿಂದಿಲ್ಲ. ಕದ್ದು ಏನೂ ತಿಂದಿಲ್ಲ. ನಾನೇ ತಿನಿಸೀನಿ. ಎರಡು ರೊಟ್ಟಿ ಮುಟಗ್ಯಾಗ ಮೂರು ಹಾಕೀನಿ, ಎಣ್ಣಿ ಹಾಕೀನಿ, ಶೇಂಗಾ ಹಾಕೀನಿ."

ಮಲ್ಲುವಿನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಯವ್ವಾ! ಯಾಕs?"

"ಆಕಿನ್ನ ಕೊಯ್ಯಸಾಕ ನನಗ ಮನಸಿಲ್ಲ. ನನ್ನ ತಂಗೀನ ಕಳಿಸಿಕೊಟ್ಟೆ, ಬರಲಿಲ್ಲ. ಅದನ್ನ ಬಾಯಿಲೆ ಹೇಳಬೇಕಿತ್ತು. ಕೈಲೆ ಮಾಡಿಬಿಟ್ಟೆ."

ಗುರುದೇವಿ ಅತ್ತೆಯ ಮುಖ ನೋಡಲಿಲ್ಲ, ಡಬ್ಬಿಯನ್ನೇ ನೋಡುತ್ತಿದ್ದಳು. "ಎಷ್ಟ್ ದಿನಾತ್ರಿ?"

"ಹದಿನೆಂಟು."

"ಹದಿನೆಂಟು ದಿನದಾಗ ನನ್ನ ತಮ್ಮ ಐದು ಸಲ ಆ ಮಷೀನಿಗಿ ಹೋಗ್ಯಾನ್ರಿ." ಗಂಡನ ಕಡೆ ತಿರುಗಿದಳು. "ನಿಮಗ ಬ್ಯಾಡಾಗಿತ್ತು, ಸಹಿ ಹಾಕಿದ್ರಿ. ಏರಿದ ಅಂಕಿ ನೋಡಿ ಖುಷಿಯಾಗಿತ್ತು, ನನಗ ಕಳ್ಳಿ ಅಂದ್ರಿ. ಈ ಮನ್ಯಾಗ ಯಾರೂ ಖರೆ ಮಾತಾಡಂಗಿಲ್ಲೇನ್ರಿ?"

ಮಲ್ಲು ತಾಟನ್ನು ಮುಂದಕ್ಕೆ ಸರಿಸಿದ. ರೇವತಿ ಅಜ್ಜಿಯ ಸೆರಗು ಹಿಡಿದುಕೊಂಡಳು.

"ಬಾಯಿಲೆ ಹೇಳಿದ್ರ ನಾ ಏನಂತಿದ್ದೆ ಗೊತ್ತೇನ್ರಿ ಅತ್ತಿ? ನನಗೂ ಅಂಜಿಕಿ ಅದ ಅಂತಿದ್ದೆ. ದಿನಾ ಆ ಕೆರೀ ದಾರ್ಯಾಗ ಅಂಜಿಕೋತs ನಡೀತೀನಿ. ಹೇಳಿದ್ರ ಇಬ್ಬರೂ ಕೂಡಿ ಅಂಜತಿದ್ವಿ."

ಅವಳು ಎದ್ದು, ಮೂಲೆಯಲ್ಲಿ ಚೀಲ ಸುತ್ತಿಟ್ಟಿದ್ದ ಗಿರಣಿಯ ತಕ್ಕಡಿಯನ್ನು ಬಿಚ್ಚಿ ಅಡುಗೆಮನೆಯೊಳಗೆ ಒಯ್ದಳು. ಭೀಮಾಬಾಯಿ ಈ ಸಲ ಹೊಸ್ತಿಲಲ್ಲಿ ಅಡ್ಡ ನಿಲ್ಲಲಿಲ್ಲ.

ಮರುದಿನದಿಂದ ಗುರುದೇವಿ ತನ್ನ ರೊಟ್ಟಿ ತಾನೇ ಬಡಿದುಕೊಂಡಳು, ತೂಗಿ ಉಂಡಳು. ಅತ್ತೆ ಮುಟ್ಟಿದ ಪಲ್ಯವನ್ನೂ ಅವಳು ಮುಟ್ಟಲಿಲ್ಲ. "ಹೌದ್ರಿ", "ಇಲ್ಲರಿ" ಬಿಟ್ಟರೆ ಮೂರನೆಯ ಮಾತಿಲ್ಲ. ಎಳ್ಳ ಅಮಾವಾಸ್ಯೆಯ ಸಜ್ಜೆ ರೊಟ್ಟಿ, ಬಜ್ಜಿ ಪಲ್ಯ ಬುಟ್ಟಿಯಲ್ಲಿ ತಂಗಳಾದವು. ಮಲ್ಲು ಮಾತ್ರ ತಪ್ಪಿಗೆ ದಂಡ ಕಟ್ಟುವವನ ಹಾಗೆ ಸಂಜೆ ಅಂಗಡಿ ಮುಚ್ಚಿ ಹೆಂಡತಿಯ ಜೊತೆ ಕೆರೆಯ ದಾರಿ ನಡೆಯತೊಡಗಿದ. ಕ್ಯಾಲೆಂಡರಿನ ಅಂಕಿ ಸಾವಕಾಶ ಇಳಿಯಿತು. ಭೀಮಾಬಾಯಿ ಓದು ಬಾರದಿದ್ದರೂ ಅಂಕಿ ಬಲ್ಲವಳು, ಪ್ರತಿ ಶನಿವಾರ ಕ್ಯಾಲೆಂಡರಿನ ಮುಂದೆ ನಿಂತು ನೋಡುತ್ತಿದ್ದಳು. ಅಂಕಿ ಇಳಿದರೆ ಹೆದರಿಕೆ, ಇಳಿಯದಿದ್ದರೆ ನಾಚಿಕೆ. ಶಿವರಾತ್ರಿಗೆ ಎಂಟು ದಿನ ಇರುವಾಗ ಎಪ್ಪತ್ತೊಂದೂ ಮುಕ್ಕಾಲು ಎಂದು ಬರೆದಿತ್ತು.

ಹೈದರಾಬಾದಿಗೆ ಹೊರಡುವ ದಿನ ಭೀಮಾಬಾಯಿ ಬೆಳಗ್ಗೆ ಐದಕ್ಕೇ ಒಲೆ ಹೊತ್ತಿಸಿದಳು. ಈ ಸಲ ಆಸ್ಪತ್ರೆಯಲ್ಲೇ ಉಳಿಯಬೇಕು, ಎಲ್ಲ ಸರಿ ಬಂದರೆ ಅದೇ ವಾರ ಆಪರೇಷನ್. ಸಂಗಮನಾಥ ಯಾದಗಿರಿ ಸ್ಟೇಷನ್ನಿನಲ್ಲಿ ಕಾಯುತ್ತಿದ್ದ. ಮಲ್ಲು ರೇವತಿಯನ್ನು ನೋಡಿಕೊಂಡಿದ್ದು, ಆಪರೇಷನ್ ದಿನಕ್ಕೆ ಬರುವವನಿದ್ದ. ಗುರುದೇವಿ ಚೀಲ ತುಂಬಿಕೊಂಡು ಅಡುಗೆಮನೆಗೆ ಬಂದಾಗ ಅರಿವೆಯಲ್ಲಿ ನಾಲ್ಕು ಸಣ್ಣ ರೊಟ್ಟಿ ಇದ್ದವು, ಪಕ್ಕದಲ್ಲಿ ತಕ್ಕಡಿ ಇತ್ತು.

"ತೂಗು," ಎಂದಳು ಭೀಮಾಬಾಯಿ.

"ಉಣ್ಣೋದು ತೂಗಬಾರದು ಅಂತಿದ್ರಲ್ರಿ."

"ದರಿದ್ರ ಬಂದ್ರ ನನಗ ಬರಲಿ. ನೀ ತೂಗು, ತೂಗಿ ಒಯ್ಯಿ."

ಗುರುದೇವಿ ಮುಲಾಜಿಗೂ ಬಿಡಲಿಲ್ಲ, ನಾಲ್ಕನ್ನೂ ತಕ್ಕಡಿಯ ಮೇಲಿಟ್ಟಳು. ನೂರಾ ಎಂಬತ್ತೆಂಟು ಎಂದು ತೋರಿಸಿತು.

"ಹನ್ನೆರಡು ಗ್ರಾಂ ಕಮ್ಮಿ ಅದರಿ."

ಭೀಮಾಬಾಯಿ ತನಗೆಂದು ಮಾಡಿಕೊಂಡಿದ್ದ ದೊಡ್ಡ ರೊಟ್ಟಿಯ ಅಂಚು ಮುರಿದು ಇಟ್ಟಳು. ಹೆಚ್ಚಾಯಿತು. ಒಂದು ಚೂರು ಹಿಂದಕ್ಕೆ ತೆಗೆದಳು. ಇನ್ನೂರು. ಇಬ್ಬರೂ ಬಗ್ಗಿ ಆ ಅಂಕಿಯನ್ನು ನೋಡಿದರು. ಭೀಮಾಬಾಯಿಯ ಕಣ್ಣೀರು ಸೊಸೆಯ ಕೈ ಮೇಲೆ ಬಿತ್ತು.

ಗುರುದೇವಿ ಬುತ್ತಿ ಕಟ್ಟಲಿಲ್ಲ. ಅರಿವೆಯನ್ನು ಬಿಚ್ಚಿದ ಹಾಗೇ ಅತ್ತೆಯ ಕಡೆ ಸರಿಸಿದಳು.

"ಬುತ್ತಿ ಇಬ್ಬರಿಗಿ ಕಟ್ರಿ ಅತ್ತಿ. ಜಲ್ದಿ ಸೀರಿ ಉಟಗೋರಿ, ಬಸ್ಸಿಗಿ ಹೊತ್ತಾಗತದ. ನಾ ಒಬ್ಬಾಕಿನೇ ಅಂಜಲಾರೆ."

ಭೀಮಾಬಾಯಿ ಅಂಚು ಮುರಿದ ತನ್ನ ದೊಡ್ಡ ರೊಟ್ಟಿಯನ್ನು ತೂಗದೆಯೇ ಆ ನಾಲ್ಕರ ಮೇಲಿಟ್ಟು ಗಂಟು ಕಟ್ಟಿದಳು.